ಫೋಟೊ ಕ್ಯಾಮೆರಾದಲ್ಲಿ ವೃತ್ತಿಪರ ವಿಡಿಯೊ: ಯಾವ ಕೆಲಸಕ್ಕೆ ಯಾವ ಬಾಡಿ?

ಒಳ್ಳೆಯ ಬೆಳಕಿನಲ್ಲಿ, ಟ್ರೈಪಾಡ್ ಮೇಲೆ, ಹತ್ತು ನಿಮಿಷದ ಶಾಟ್‌ಗೆ ಈಗಿನ ಯಾವ ಮಿರರ್‌ಲೆಸ್ ಕ್ಯಾಮೆರಾ ಇಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಅದು ಸೋನಿಯದ್ದೋ, ಕ್ಯಾನನ್‌ನದ್ದೋ, ನಿಕಾನ್‌ನದ್ದೋ ಎಂಬುದು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ‘ಯಾವುದರ ಚಿತ್ರ ಚೆಂದ’ ಎಂಬ ಪ್ರಶ್ನೆ ಹಿಡಿದು ಹೊರಟರೆ ತಿಂಗಳುಗಟ್ಟಲೆ ರಿವ್ಯೂ ನೋಡಿದರೂ ತೀರ್ಮಾನಕ್ಕೆ ಬರಲಾಗುವುದಿಲ್ಲ. ಕೇಳಿಕೊಳ್ಳಬೇಕಾದದ್ದು ಬೇರೆ: ನಾನು ಮಾಡುವ ಕೆಲಸದಲ್ಲಿ ಕ್ಯಾಮೆರಾ ಕೈಕೊಡುವುದು ಎಲ್ಲಿ? ಮದುವೆಯಲ್ಲಿ ಕೈಕೊಡುವ ಜಾಗ ಒಂದು, ಯಕ್ಷಗಾನದಲ್ಲಿ ಇನ್ನೊಂದು, ಕಿರುಚಿತ್ರದಲ್ಲಿ ಮತ್ತೊಂದು. ಆ ಜಾಗ ಗೊತ್ತಾದರೆ ಪಟ್ಟಿಯಲ್ಲಿರುವ ಹತ್ತು ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಎಂಟು ತಾವಾಗಿಯೇ ಬಿದ್ದುಹೋಗುತ್ತವೆ.

ಲೆನ್ಸ್ ಬದಲಿಸುವ ಫೋಟೊ ಕ್ಯಾಮೆರಾದಲ್ಲಿ ವಿಡಿಯೊ ಬಂದದ್ದು 2008ರಲ್ಲಿ. ನಿಕಾನ್ ಡಿ90 ಮೊದಲು ಬಂತು. ಕೆಲವೇ ವಾರಗಳಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಘೋಷಣೆಯಾಯಿತು. ಆಗಿನ ಕ್ಯಾಮ್‌ಕಾರ್ಡರ್‌ಗಳ ಸೆನ್ಸರ್ ಕಿರುಬೆರಳಿನ ಉಗುರಿನಷ್ಟೂ ಇರುತ್ತಿರಲಿಲ್ಲ. 5ಡಿಯ ಸೆನ್ಸರ್ 36×24 ಮಿಲಿಮೀಟರ್. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ, ಸಿನಿಮಾದವರಿಗಷ್ಟೇ ಸಿಗುತ್ತಿದ್ದ ಚಿತ್ರ ಎಲ್ಲರ ಕೈಗೂ ಬಂತು. ಶುರುವಿನಲ್ಲಿ ಅದು ಸೆಕೆಂಡಿಗೆ 30 ಫ್ರೇಮ್ ಮಾತ್ರ ಕೊಡುತ್ತಿತ್ತು. 24 ಮತ್ತು 25 ಫ್ರೇಮ್ ಬೇಕೆಂದು ಸಿನಿಮಾದವರು ಪಟ್ಟು ಹಿಡಿದ ಮೇಲೆ 2010ರ ಫರ್ಮ್‌ವೇರ್‌ನಲ್ಲಿ ಅವೂ ಬಂದವು. ಅದೇ ವರ್ಷ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಇಡೀ ಕಂತನ್ನು ಅದರಲ್ಲೇ ಚಿತ್ರೀಕರಿಸಿದರು. 2014ರಲ್ಲಿ ಪ್ಯಾನಸೋನಿಕ್ ಜಿಎಚ್4 ಮಿರರ್‌ಲೆಸ್ ಬಾಡಿಯ ಒಳಗೇ 4ಕೆ ರೆಕಾರ್ಡಿಂಗ್ ತಂದಿತು, 2017ರಲ್ಲಿ ಜಿಎಚ್5 ಅದಕ್ಕೆ 10 ಬಿಟ್ ಬಣ್ಣ ಸೇರಿಸಿತು. 2023ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ದಿ ಕ್ರಿಯೇಟರ್’ನ ಮುಖ್ಯ ಕ್ಯಾಮೆರಾ ಅಂಗೈಯಲ್ಲಿ ಹಿಡಿಯಬಹುದಾದ ಸೋನಿ ಎಫ್‌ಎಕ್ಸ್3.

ಅಂದರೆ ಚಿತ್ರದ ಗುಣಮಟ್ಟದ ಸಮಸ್ಯೆ ಬಹುಪಾಲು ಬಗೆಹರಿದಿದೆ. ಬಗೆಹರಿಯದೆ ಉಳಿದಿರುವುದು ಚಿತ್ರದ ಸುತ್ತಲಿನ ವಿಷಯಗಳು: ಬಾಡಿ ಬಿಸಿಯಾಗುವುದು, ಶಬ್ದ, ವೇಗದ ಚಲನೆಯಲ್ಲಿ ಗೆರೆ ಓರೆಯಾಗುವುದು, ಬಿಸಿಲು ತಡೆಯುವ ಎನ್‌ಡಿ ಫಿಲ್ಟರ್ ಒಳಗೇ ಇಲ್ಲದಿರುವುದು, ಕೇಬಲ್ ಚುಚ್ಚುವ ಜಾಗ ಸೂಕ್ಷ್ಮವಾಗಿರುವುದು. ಇವೆಲ್ಲ ಸ್ಪೆಕ್ ಶೀಟಿನ ಕೊನೆಯ ಸಾಲುಗಳಲ್ಲಿ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ.

10 ಬಿಟ್ ಇಲ್ಲದ್ದನ್ನು ಮೊದಲೇ ಬಿಡಿ

ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೆ ಇವತ್ತು ಹೊಸ ಬಾಡಿ ಕೊಳ್ಳುವುದಾದರೆ, ಕಾರ್ಡಿಗೇ 10 ಬಿಟ್ ರೆಕಾರ್ಡ್ ಮಾಡದ ಕ್ಯಾಮೆರಾ ಬೇಡ. 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. 10 ಬಿಟ್‌ನಲ್ಲಿ 1,024. ನೇರವಾಗಿ ನೋಡುವಾಗ ವ್ಯತ್ಯಾಸ ಕಾಣುವುದಿಲ್ಲ. ಬಣ್ಣ ತಿದ್ದಲು ಕೂತಾಗ ಕಾಣುತ್ತದೆ. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ವಿಧಾನ) ತೆಗೆದ 8 ಬಿಟ್ ಚಿತ್ರದ ಕಾಂಟ್ರಾಸ್ಟ್ ಏರಿಸಿದ ಕೂಡಲೇ ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಬರುತ್ತದೆ. ಅರಿಶಿನ ಹಚ್ಚಿದ ಮುಖದ ಮೇಲೆ ಹಳದಿ ಬಣ್ಣ ತೇಪೆ ಹಾಕಿದಂತೆ ಕಾಣುತ್ತದೆ. ಕಡುಗೆಂಪು ರೇಷ್ಮೆ ಸೀರೆಯ ಮಡಿಕೆಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ನಮ್ಮ ಮದುವೆ, ಉತ್ಸವಗಳಲ್ಲಿ ಇರುವುದೇ ಇಂಥ ಗಾಢ ಬಣ್ಣಗಳು. ಇದಕ್ಕೇ ಈ ವಿಷಯದಲ್ಲಿ ನನ್ನದು ಹಟ.

ಈ ಒಂದು ಷರತ್ತಿನಿಂದಲೇ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವ ಹಲವು ಬಾಡಿಗಳು ಹೊರಗುಳಿಯುತ್ತವೆ. ಸೋನಿ ಎ7 3, ಎ6400, ಮೊದಲ ಜೆಡ್‌ವಿ-ಇ10, ಕ್ಯಾನನ್ 5ಡಿ ಮಾರ್ಕ್ 4, ಇವೆಲ್ಲ ಒಳಗೆ 8 ಬಿಟ್. ಮೊದಲ ನಿಕಾನ್ ಜೆಡ್6 ಮತ್ತು ಕ್ಯಾನನ್ ಇಒಎಸ್ ಆರ್ 10 ಬಿಟ್ ಕೊಡುತ್ತವೆ, ಆದರೆ ಎಚ್‌ಡಿಎಂಐ ಮೂಲಕ ಹೊರಗಿನ ರೆಕಾರ್ಡರ್‌ಗೆ ಮಾತ್ರ. ಈಗಾಗಲೇ ಇಂಥ ಬಾಡಿ ಇದ್ದವರು ಎಸೆಯಬೇಕಿಲ್ಲ. ಲಾಗ್ ಬಿಟ್ಟು ಸಾಮಾನ್ಯ ಪ್ರೊಫೈಲ್‌ನಲ್ಲಿ, ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಷರ್ ಸ್ಥಳದಲ್ಲೇ ಸರಿಮಾಡಿಕೊಂಡು ತೆಗೆದರೆ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಹೊಸದಾಗಿ ದುಡ್ಡು ಹಾಕುವುದು ಬೇಡ, ಅಷ್ಟೇ.

10 ಬಿಟ್‌ಗೆ ಇನ್ನೊಂದು ಬೆಲೆಯಿದೆ, ಅದನ್ನು ಕಂಪ್ಯೂಟರ್ ಕೊಡಬೇಕು. 10 ಬಿಟ್ 4:2:2 ಎಚ್.265 ಫೈಲುಗಳನ್ನು (4:2:2 ಎಂದರೆ ಬಣ್ಣದ ವಿವರದ ಮಟ್ಟ, ಎಚ್.265 ಎಂದರೆ ಫೈಲ್ ಕುಗ್ಗಿಸುವ ವಿಧಾನ) ಸಲೀಸಾಗಿ ಓಡಿಸಲು ಬೇಕಾದ ಹಾರ್ಡ್‌ವೇರ್ ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗಳಲ್ಲಿದೆ, ಆಪಲ್‌ನ ಎಂ1ರಿಂದೀಚಿನ ಚಿಪ್‌ಗಳಲ್ಲಿದೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಅದು ಬಂದದ್ದು 2025ರ 50 ಸರಣಿಯಲ್ಲಿ. ಹಳೆಯ ಪಿಸಿಗೆ ದುಬಾರಿ ಎನ್‌ವಿಡಿಯಾ ಕಾರ್ಡ್ ಹಾಕಿಯೂ ಟೈಮ್‌ಲೈನ್ ತಡವರಿಸುವುದಕ್ಕೆ ಇದೇ ಕಾರಣ. ಕ್ಯಾಮೆರಾ ಬದಲಿಸುವ ಮುನ್ನ ಎಡಿಟಿಂಗ್ ಮಾಡುವವರನ್ನು ಒಂದು ಮಾತು ಕೇಳಿ. ಪ್ರಾಕ್ಸಿ (ಫೈಲಿನ ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡುವ ತಾಳ್ಮೆ ಅವರಿಗಿದ್ದರೆ ಹಳೆಯ ಪಿಸಿಯೇ ಸಾಕು.

ಮದುವೆ: ಮಾಂಗಲ್ಯಧಾರಣೆಯ ಆ ಒಂದು ನಿಮಿಷ

ನಮ್ಮಲ್ಲಿ ಫೋಟೊ ಕ್ಯಾಮೆರಾದಿಂದ ವಿಡಿಯೊ ತೆಗೆಯುವವರಲ್ಲಿ ಹೆಚ್ಚಿನವರು ಮದುವೆಯವರೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮದುವೆಯ ಕ್ಯಾಮೆರಾದ ನಿಜವಾದ ಪರೀಕ್ಷೆ ಪ್ರೀ-ವೆಡ್ಡಿಂಗ್ ಶೂಟ್ ಅಲ್ಲ, ಗಟ್ಟಿಮೇಳದ ಸಮಯ. ವಾಲಗ ಒಮ್ಮೆಗೇ ತಾರಕಕ್ಕೆ ಏರುತ್ತದೆ. ಸಂಬಂಧಿಕರು ಫೋನ್ ಹಿಡಿದು ಮುಂದೆ ನುಗ್ಗುತ್ತಾರೆ. ಅಕ್ಷತೆ ಬೀಳುತ್ತದೆ. ಪಕ್ಕದಲ್ಲಿರುವ ಫೋಟೊಗ್ರಾಫರ್ ಫ್ಲ್ಯಾಶ್ ಹೊಡೆಯುತ್ತಲೇ ಇರುತ್ತಾರೆ. ಕ್ಯಾಮೆರಾ ಅಷ್ಟು ಹೊತ್ತಿಗೆ ಮೂರು-ನಾಲ್ಕು ಗಂಟೆ ಓಡಿ ಬಿಸಿಯಾಗಿರುತ್ತದೆ. ಇದಕ್ಕೆ ರೀಟೇಕ್ ಇಲ್ಲ.

ಮೊದಲು ಫೋಕಸ್. ವಧೂವರರ ಮುಂದೆ ಯಾರದೋ ಕೈ ಬಂದಾಗ ಫೋಕಸ್ ಅದರ ಮೇಲೆ ಹಾರಬಾರದು, ಹಾರಿದರೂ ತಕ್ಷಣ ಮುಖಕ್ಕೆ ಮರಳಬೇಕು. ಕ್ಯಾನನ್ 2013ರಲ್ಲಿ 70ಡಿಯಲ್ಲಿ ತಂದ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆಯಿಂದ ಇಲ್ಲಿಯವರೆಗೆ ಈ ವಿಷಯದಲ್ಲಿ ಕ್ಯಾನನ್ ಮತ್ತು ಸೋನಿ ಮುಂದಿವೆ. ಪ್ಯಾನಸೋನಿಕ್‌ನವರು ಫೇಸ್ ಡಿಟೆಕ್ಷನ್ (phase detection, ಮುಖ ಗುರುತಿಸುವುದಲ್ಲ) ಫೋಕಸ್ ಅಳವಡಿಸಿಕೊಂಡದ್ದು 2023ರ ಎಸ್5 2ರಲ್ಲಿ. ಅದಕ್ಕಿಂತ ಹಳೆಯ ಪ್ಯಾನಸೋನಿಕ್ ಬಾಡಿಯನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಮದುವೆಗೆಂದು ಕೊಳ್ಳಬೇಡಿ. ಎಸ್5 2 ಮತ್ತು ಈಚಿನವು ಧಾರಾಳವಾಗಿ ಆಗುತ್ತವೆ.

ಆಮೇಲೆ ಫ್ಲ್ಯಾಶ್. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದುವ ನಡುವೆ ಫ್ಲ್ಯಾಶ್ ಹೊಡೆದರೆ ಫ್ರೇಮಿನ ಅರ್ಧ ಭಾಗ ಬೆಳ್ಳಗಾಗಿ ಇನ್ನರ್ಧ ಹಾಗೇ ಉಳಿಯುತ್ತದೆ. ನಿಧಾನವಾಗಿ ಓದುವ ಸೆನ್ಸರ್‌ನಲ್ಲಿ ಇದು ಹೆಚ್ಚು. ಸೋನಿ ಎ7 4 ಫೋಟೊಗೆ ಬಹಳ ಒಳ್ಳೆಯ ಬಾಡಿ, 33 ಮೆಗಾಪಿಕ್ಸೆಲ್. ಆದರೆ ಪೂರ್ತಿ ಅಗಲದ 4ಕೆಯಲ್ಲಿ ಅದು ಓದುವ ವೇಗ ಕಡಿಮೆ, 4ಕೆ 50 ಫ್ರೇಮ್‌ಗೆ ಹೋದರೆ ಚಿತ್ರ ಕತ್ತರಿಸಿ ಹತ್ತಿರವಾಗುತ್ತದೆ. ಛತ್ರದ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗ ಇರುವುದಿಲ್ಲ, ಆ ಕತ್ತರಿ ನಿಜಕ್ಕೂ ಕಾಡುತ್ತದೆ. ಕ್ಯಾನನ್ ಆರ್6 ಮಾರ್ಕ್ 2 ಪೂರ್ತಿ ಅಗಲದಲ್ಲೇ 4ಕೆ 50 ಕೊಡುತ್ತದೆ. ನಿಕಾನ್ ಜೆಡ್6 3ರ ಸೆನ್ಸರ್ ಭಾಗಶಃ ಸ್ಟ್ಯಾಕ್ ಆದದ್ದು, ಓದುವ ವೇಗ ಹೆಚ್ಚು. ಒಂದೇ ಬಾಡಿಯಲ್ಲಿ ಬೆಳಿಗ್ಗೆ ಫೋಟೊ, ಸಂಜೆ ಆರತಕ್ಷತೆಗೆ ವಿಡಿಯೊ ಎನ್ನುವವರಿಗೆ ಈ ಎರಡರಲ್ಲಿ ಒಂದನ್ನು ಹೇಳುತ್ತೇನೆ. ಎ7 4 ಫೋಟೊವೇ ಮುಖ್ಯ ಎನ್ನುವವರಿಗೆ.

ಲೈಟಿನ ಮಿನುಗು ಇನ್ನೊಂದು ಕಾಟ. ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾವನ್ನು ಪಾಲ್ (PAL) ವಿಡಿಯೊ ಪದ್ಧತಿಗೆ ಇಟ್ಟು 25 ಅಥವಾ 50 ಫ್ರೇಮ್‌ನಲ್ಲಿ, ಶಟರ್ 1/50 ಅಥವಾ 1/100ರಲ್ಲಿ ತೆಗೆದರೆ ಛತ್ರದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳ ಮಿನುಗು ಬಹುಪಾಲು ಹೋಗುತ್ತದೆ. ಅಮೆರಿಕದ ಟ್ಯುಟೋರಿಯಲ್ ನೋಡಿ 30 ಫ್ರೇಮ್, 1/60 ಇಟ್ಟುಕೊಂಡರೆ ಇಡೀ ಧಾರೆ ಮಿನುಗುತ್ತದೆ, ಅದನ್ನು ಆಮೇಲೆ ತೆಗೆಯುವುದು ಬಲು ಕಷ್ಟ. ಆರತಕ್ಷತೆಯ ಎಲ್‌ಇಡಿ ಗೋಡೆಗೆ ಈ ಲೆಕ್ಕವೂ ಸಾಲದು. ಶಟರ್ ಅನ್ನು ಚೂರುಚೂರೇ ಸರಿಹೊಂದಿಸುವ ವೇರಿಯಬಲ್ ಶಟರ್ ಸೌಲಭ್ಯ ಬಾಡಿಯಲ್ಲಿದೆಯೇ ಎಂದು ನೋಡಿ.

ಟ್ರೆಡಿಷನಲ್ ವಿಡಿಯೊ, ಅಂದರೆ ಶಾಸ್ತ್ರ ಪೂರ್ತಿ ನಿರಂತರವಾಗಿ ಓಡಬೇಕಾದ ಕ್ಯಾಮೆರಾ, ಬೇರೆಯೇ ಲೆಕ್ಕ. ಅಲ್ಲಿ ಚೆಂದಕ್ಕಿಂತ ನಿಲ್ಲದಿರುವುದು ಮುಖ್ಯ. ಫ್ಯಾನ್ ಇರುವ ಎಸ್5 2 ಅಲ್ಲಿಗೆ ಹೇಳಿ ಮಾಡಿಸಿದಂತಿದೆ. ಕಾರ್ಡ್‌ನ ಎರಡು ಸ್ಲಾಟ್ ಇಲ್ಲದ ಬಾಡಿಯನ್ನು ಮದುವೆಗೆ ಒಯ್ಯಲೇಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ಎರಡಕ್ಕೂ ಒಟ್ಟಿಗೇ ಬರೆಯಲು ಹಾಕಿಡಿ. ಒಂದು ಕಾರ್ಡ್ ಕೆಟ್ಟರೆ ಹೋಗುವುದು ನಿಮ್ಮ ಸಂಬಳ ಮಾತ್ರ ಅಲ್ಲ, ಇನ್ನೊಬ್ಬರ ಮನೆಯ ಆ ದಿನ.

ಬಿಸಿ

2020ರಲ್ಲಿ ಬಂದ ಕ್ಯಾನನ್ ಆರ್5 ಒಳಗೇ 8ಕೆ ರೆಕಾರ್ಡ್ ಮಾಡಿ ಎಲ್ಲರ ಕಣ್ಣರಳಿಸಿತು. ಜೊತೆಗೇ ಬೇಗ ಬಿಸಿಯಾಗಿ ನಿಲ್ಲುವುದಕ್ಕೂ ಹೆಸರಾಯಿತು. ಎರಡು ವರ್ಷದೊಳಗೆ ಅದೇ ಸೆನ್ಸರ್‌ಗೆ ಫ್ಯಾನ್ ಕೂಡಿಸಿ ಆರ್5 ಸಿ ತಂದರು. ಅದಕ್ಕೂ ಹಿಂದೆ ಫೋಟೊ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತಿದ್ದವಲ್ಲ, ಅದಕ್ಕೆ ಮುಖ್ಯ ಕಾರಣ ಯುರೋಪಿನ ಸುಂಕ: ಅರ್ಧ ಗಂಟೆಗಿಂತ ಹೆಚ್ಚು ರೆಕಾರ್ಡ್ ಮಾಡುವುದು ವಿಡಿಯೊ ಕ್ಯಾಮೆರಾ ಎನಿಸಿಕೊಂಡು ತೆರಿಗೆ ಹೆಚ್ಚಾಗುತ್ತಿತ್ತು. ಆ ಮಿತಿ ಈಗಿನ ಹೆಚ್ಚಿನ ಬಾಡಿಗಳಲ್ಲಿ ಇಲ್ಲ. ಶಾಖದ ಮಿತಿ ಇದೆ.

ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲಿ ಕ್ಯಾಮೆರಾ ಕೆಲಸ ಮಾಡುವ ತಾಪಮಾನ 0ಯಿಂದ 40 ಡಿಗ್ರಿ ಎಂದೇ ಇರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ ನೆರಳಿನಲ್ಲೇ ಅದನ್ನು ದಾಟುತ್ತದೆ. ತಂಪು ಕೋಣೆಯಲ್ಲಿ ಮಾಡಿದ ಓವರ್‌ಹೀಟ್ ಪರೀಕ್ಷೆಗಳನ್ನು ನೋಡಿ ಅಲ್ಲಿನವರು ಬಾಡಿ ಕೊಳ್ಳಬಾರದು. ಫ್ಯಾನ್ ಇರುವ ಬಾಡಿಗಳು, ಸೋನಿ ಎಫ್‌ಎಕ್ಸ್3, ಎಫ್‌ಎಕ್ಸ್30, ಪ್ಯಾನಸೋನಿಕ್ ಎಸ್5 2, ಜಿಎಚ್7, ಕ್ಯಾನನ್ ಆರ್5 ಸಿ, ಇವೇ ಅಲ್ಲಿ ಸುರಕ್ಷಿತ. ಸೋನಿ ಎ7ಎಸ್ 3ರಲ್ಲಿ ಫ್ಯಾನ್ ಇಲ್ಲದಿದ್ದರೂ 12 ಮೆಗಾಪಿಕ್ಸೆಲ್ ಮಾತ್ರ ಆದ್ದರಿಂದ ತಡೆದುಕೊಳ್ಳುತ್ತದೆ. ಫ್ಯಾನ್ ಇಲ್ಲದ ಬಾಡಿಯಲ್ಲೇ ಕೆಲಸ ಮಾಡಬೇಕಾದರೆ: 50 ಫ್ರೇಮ್ ಬಿಟ್ಟು 25ಕ್ಕೆ ಇಳಿಯಿರಿ, ಸ್ಕ್ರೀನನ್ನು ಬಾಡಿಯಿಂದ ಹೊರಕ್ಕೆ ಮಡಿಸಿ, ಸೋನಿಯಾದರೆ ಮೆನುವಿನಲ್ಲಿ ತಾಪಮಾನದ ಮಿತಿಯನ್ನು ‘ಹೈ’ಗೆ ಇಡಿ, ಬಿಸಿಲಿನಲ್ಲಿ ಬಾಡಿಯ ಮೇಲೆ ಬಿಳಿ ಬಟ್ಟೆ ಹಾಕಿ. ಕಪ್ಪು ಬಾಡಿ ಬಿಸಿಲು ಹೀರುವುದೇ ಅರ್ಧ ಸಮಸ್ಯೆ.

ರಂಗಸ್ಥಳದ ಮುಂದೆ

ಯಕ್ಷಗಾನ, ನಾಟಕ, ಕಚೇರಿ. ಇಲ್ಲಿ ಫೋಟೊ ಕ್ಯಾಮೆರಾ ಮುಖ್ಯ ಕ್ಯಾಮೆರಾ ಆಗಬಾರದು ಎಂದೇ ನಾನು ಹೇಳುವುದು.

ಆಟ ಗಂಟೆಗಟ್ಟಲೆ ನಡೆಯುತ್ತದೆ. ಟ್ರೈಪಾಡ್ ಇಡುವ ಜಾಗ ರಂಗಸ್ಥಳದಿಂದ ದೂರ. ಪೂರ್ಣ ರಂಗದಿಂದ ಕಿರೀಟ ಧರಿಸಿದ ಮುಖದವರೆಗೆ ಮಾತಿನ ನಡುವೆಯೇ ಝೂಮ್ ಹೋಗಬೇಕು. ಫುಲ್‌ಫ್ರೇಮ್‌ನಲ್ಲಿ (36×24 ಮಿಲಿಮೀಟರ್ ಸೆನ್ಸರ್) ಇದಕ್ಕೆ 70-200 ಮಿಲಿಮೀಟರ್ ಲೆನ್ಸ್ ಸಾಲದು, ಕೈಯಿಂದ ತಿರುಗಿಸುವ ಝೂಮ್ ನಯವಾಗಿ ಹೋಗುವುದೂ ಇಲ್ಲ. ಒಂದಿಂಚು ವರ್ಗದ ಸೆನ್ಸರ್ ಇರುವ ಕ್ಯಾಮ್‌ಕಾರ್ಡರ್, ಉದಾಹರಣೆಗೆ ಸೋನಿ ಪಿಎಕ್ಸ್‌ಡಬ್ಲ್ಯು-ಜೆಡ್90, ಒಳಗೇ 12 ಪಟ್ಟು ಝೂಮ್, ಎನ್‌ಡಿ ಫಿಲ್ಟರ್, ವೃತ್ತಿಪರ ಮೈಕಿನ ಎಕ್ಸ್‌ಎಲ್‌ಆರ್ ಕಿಂಡಿ ಎಲ್ಲ ಇಟ್ಟುಕೊಂಡಿದೆ. ಅದರ ಚಿತ್ರ ಎಫ್‌ಎಕ್ಸ್3ರಷ್ಟು ಚೆಂದ ಇಲ್ಲ, ಕತ್ತಲಲ್ಲಿ ಕಾಳುಕಾಳಾಗುತ್ತದೆ. ಆದರೂ ರಾತ್ರಿಯಿಡೀ ನಿಲ್ಲದೆ ಓಡುತ್ತದೆ, ಮತ್ತು ಒಂದು ಪ್ರಸಂಗದ ದಾಖಲಾತಿಯಲ್ಲಿ ಪದ್ಯವೊಂದು ನಡುವೆ ತುಂಡಾಗದಿರುವುದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಮಿರರ್‌ಲೆಸ್ ಅನ್ನು ಎರಡನೇ ಕ್ಯಾಮೆರಾ ಆಗಿ, ಬದಿಯಲ್ಲಿ, ಮುಖವರ್ಣಿಕೆಗೆ, ಚೌಕಿಗೆ ಬಳಸಿ. ಅಲ್ಲಿ ಅದು ಬೆಳಗುತ್ತದೆ. ಆದರೆ ವೇಷಧಾರಿ ದಿಗಿಣ ತಿರುಗುವಾಗ ನಿಧಾನದ ಸೆನ್ಸರ್ ಮೈಯನ್ನೇ ಓರೆ ಮಾಡಿಬಿಡುತ್ತದೆ. ಇದಕ್ಕೆ ವೇಗವಾಗಿ ಓದುವ ಸೆನ್ಸರ್ ಬೇಕು: ಎ7ಎಸ್ 3, ಎಫ್‌ಎಕ್ಸ್3, ಜೆಡ್6 3, ಸ್ಟ್ಯಾಕ್ಡ್ ಸೆನ್ಸರ್‌ನ ಫ್ಯೂಜಿ ಎಕ್ಸ್-ಎಚ್2ಎಸ್. ಎಸ್5 2ರ ದುರ್ಬಲ ಜಾಗವೇ ಇದು.

ಶಬ್ದದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಭಾಗವತರ ಏರುಪದಕ್ಕೂ ಚೆಂಡೆಯ ಪೆಟ್ಟಿಗೂ ಇರುವ ಅಂತರವನ್ನು ಕ್ಯಾಮೆರಾದ 3.5 ಮಿಲಿಮೀಟರ್ ಮೈಕ್ ಕಿಂಡಿ ಹಿಡಿಯಲಾರದು. ಪದಕ್ಕೆ ಲೆವೆಲ್ ಇಟ್ಟರೆ ಚೆಂಡೆ ಒಡೆಯುತ್ತದೆ, ಚೆಂಡೆಗೆ ಇಟ್ಟರೆ ಅರ್ಥಗಾರಿಕೆ ಗೊರಗೊರ ಶಬ್ದದಲ್ಲಿ ಮುಳುಗುತ್ತದೆ. ತೀರಾ ಮೆಲ್ಲಗಿನ, ತೀರಾ ಜೋರಿನ ಶಬ್ದ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದಕ್ಕೆ ಮದ್ದು. ಝೂಮ್ ಎಫ್3ರಂಥ ಅಂಗೈ ಗಾತ್ರದ ಪೆಟ್ಟಿಗೆಗೆ ಎರಡು ಎಕ್ಸ್‌ಎಲ್‌ಆರ್ ಮೈಕ್ ಚುಚ್ಚಿದರೆ ಲೆವೆಲ್ ಇಡುವ ಚಿಂತೆಯೇ ಇಲ್ಲ, ಎಡಿಟಿಂಗ್‌ನಲ್ಲಿ ಎರಡನ್ನೂ ಸರಿಮಾಡಬಹುದು. ಮೈಕ್ ತಡೆದುಕೊಳ್ಳುವಷ್ಟು ದೂರದಲ್ಲಿರಬೇಕು ಎಂಬುದೊಂದೇ ಎಚ್ಚರ. ಪ್ಯಾನಸೋನಿಕ್ ಜಿಎಚ್7 ತನ್ನ ಎಕ್ಸ್‌ಎಲ್‌ಆರ್ ಅಡಾಪ್ಟರ್ ಹಾಕಿದಾಗ ಕ್ಯಾಮೆರಾದಲ್ಲೇ 32 ಬಿಟ್ ಫ್ಲೋಟ್ ಬರೆಯುತ್ತದೆ. ನಿಕಾನ್‌ನ 2025ರ ಜೆಡ್‌ಆರ್ ಕ್ಯಾಮೆರಾಗೆ ಅಡಾಪ್ಟರ್ ಕೂಡ ಬೇಡ. ಸಂಗೀತವನ್ನೇ ಹೆಚ್ಚು ದಾಖಲಿಸುವವರಿಗೆ ಇದು ಬಾಡಿ ಆರಿಸಲು ಸಾಕಷ್ಟು ದೊಡ್ಡ ಕಾರಣ.

ಕಿರುಚಿತ್ರ ಮತ್ತು ಸಿನಿಮಾ

ಸ್ಕ್ರಿಪ್ಟ್ ಇದೆ, ಲೈಟ್ ನಾವೇ ಇಡುತ್ತೇವೆ, ನಟರು ಗುರುತು ಹಾಕಿದ ಜಾಗದಲ್ಲೇ ನಿಲ್ಲುತ್ತಾರೆ, ಮತ್ತೊಂದು ಟೇಕ್ ಹೋಗಬಹುದು. ಮದುವೆಯಲ್ಲಿ ಕಾಡುವ ಬಹುಪಾಲು ಭಯಗಳು ಇಲ್ಲಿ ಇಲ್ಲ. ಇಲ್ಲಿ ಬೇಕಾದದ್ದು ಬೆಳಕಿನ ಹರವು, ಬಣ್ಣ ತಿದ್ದಲು ಅವಕಾಶ, ಅಂದಾಜಿಗೆ ಸಿಗುವ ಸ್ವಭಾವ.

ಈ ಕೆಲಸಕ್ಕೆ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಕ್ಯಾಮೆರಾಗಳು ಇವತ್ತಿಗೂ ಬಹಳ ಒಳ್ಳೆಯವು. 2018ರ ಪಾಕೆಟ್ 4ಕೆ, 2019ರ ಪಾಕೆಟ್ 6ಕೆ ಎರಡೂ ನೋಡಲು ಫೋಟೊ ಕ್ಯಾಮೆರಾದಂತಿದ್ದರೂ ಫೋಟೊ ಕ್ಯಾಮೆರಾ ಅಲ್ಲ. ಫೋಟೊ ಲೆನ್ಸ್ ಹಾಕಿಕೊಳ್ಳುವ ಸಿನಿಮಾ ಕ್ಯಾಮೆರಾಗಳು. 6ಕೆಗೆ ಹಳೆಯ ಕ್ಯಾನನ್ ಇಎಫ್ ಲೆನ್ಸ್ ನೇರವಾಗಿ ಕೂರುತ್ತದೆ. ಮೆನು ಇಡೀ ಉದ್ಯಮದಲ್ಲೇ ಸರಳ, ಎಡಿಟ್ ಮಾಡಿ ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ಆದರೆ ಹಿಂಬಾಲಿಸುವ ಆಟೊಫೋಕಸ್ ಇಲ್ಲ, ಬಾಡಿಯಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಚಿಕ್ಕ ಬ್ಯಾಟರಿ ಕ್ಷಣದಲ್ಲಿ ಖಾಲಿ. ಫೋಕಸ್ ಎಳೆಯಲು ಒಬ್ಬರು ಇಲ್ಲದ ತಂಡ ಇದನ್ನು ಮುಟ್ಟಬಾರದು.

ಅದರ ಎದುರಿಗೆ ಸೋನಿ ಎಫ್‌ಎಕ್ಸ್30. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್ ಎಂದು ಕೀಳಾಗಿ ಕಾಣುವವರಿದ್ದಾರೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದ ನಮ್ಮ ಹಳೆಯ ಚಿತ್ರಗಳ ಒಂದೊಂದು ಫ್ರೇಮ್ ಹೆಚ್ಚುಕಡಿಮೆ ಅಷ್ಟೇ ಅಗಲ ಇತ್ತು. ಫುಲ್‌ಫ್ರೇಮ್ ಎನ್ನುವುದು ಫೋಟೊದವರ ಅಳತೆ. ಸಿನಿಮಾ ಭಾಷೆ ಬೆಳೆದದ್ದು ಅದಕ್ಕಿಂತ ಚಿಕ್ಕ ಚೌಕಟ್ಟಿನಲ್ಲಿ. ಎಫ್‌ಎಕ್ಸ್30ಕ್ಕೆ ಫ್ಯಾನ್ ಇದೆ, 10 ಬಿಟ್ 4:2:2 ಇದೆ, ಸೋನಿಯ ಆಟೊಫೋಕಸ್ ಇದೆ, ಬೆಲೆ ಎಫ್‌ಎಕ್ಸ್3ಕ್ಕಿಂತ ಬಹಳ ಕಡಿಮೆ. ರಾತ್ರಿಯಲ್ಲಿ ಮಾತ್ರ ಸೋಲುತ್ತದೆ: ಅದರ ಎರಡು ಮೂಲ ಐಎಸ್‌ಒ (ಚಿತ್ರ ಕಾಳುಕಾಳಾಗದೆ ಬೆಳಕು ಹಿಡಿಯುವ ಮಟ್ಟ) 800 ಮತ್ತು 2,500; ಎಫ್‌ಎಕ್ಸ್3ರದ್ದು 800 ಮತ್ತು 12,800. ಬೀದಿದೀಪದಲ್ಲಿ ಶೂಟ್ ಮಾಡುವ ಕಥೆಯಾದರೆ ಎಫ್‌ಎಕ್ಸ್3 ಬಾಡಿಗೆಗೆ ತನ್ನಿ. ಲೈಟ್ ಇಡುವ ಕಥೆಯಾದರೆ ಎಫ್‌ಎಕ್ಸ್30 ತೆಗೆದುಕೊಂಡು ಉಳಿದ ದುಡ್ಡನ್ನು ಒಂದು ಒಳ್ಳೆಯ ಲೈಟಿಗೆ ಹಾಕಿ. ಪರದೆಯ ಮೇಲೆ ಕಾಣುವುದು ಆ ಲೈಟು. ಇನ್ನೊಂದು ಮಾತು: ಎಫ್‌ಎಕ್ಸ್30ಕ್ಕೆ ಮೆಕ್ಯಾನಿಕಲ್ ಶಟರ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕೂಡ ಇಲ್ಲ. ಜೊತೆಗೆ ಸ್ಟಿಲ್ ಕೂಡ ತೆಗೆಯೋಣ ಎಂದುಕೊಂಡು ಇದನ್ನು ಕೊಳ್ಳಬೇಡಿ.

ಒಟಿಟಿಗೆ ಕೊಡುವ ಆಸೆ ಇದ್ದವರು ಬಾಡಿ ಆರಿಸುವ ಮುನ್ನ ಆಯಾ ಸಂಸ್ಥೆಯ ಅನುಮೋದಿತ ಕ್ಯಾಮೆರಾಗಳ ಪಟ್ಟಿ ನೋಡುವುದು ಒಳ್ಳೆಯದು. ನೆಟ್‌ಫ್ಲಿಕ್ಸ್‌ನ ಪಟ್ಟಿಗೆ 2019ರಲ್ಲಿ ಸೇರಿದ ಮೊದಲ ಮಿರರ್‌ಲೆಸ್ ಪ್ಯಾನಸೋನಿಕ್ ಎಸ್1ಎಚ್. ಆಮೇಲೆ ಎಫ್‌ಎಕ್ಸ್3 ಕೂಡ ಸೇರಿತು.

ಒಬ್ಬರೇ ಓಡಾಡುವ ಸಾಕ್ಷ್ಯಚಿತ್ರ

ಹಳ್ಳಿಯಲ್ಲಿ ಒಬ್ಬರನ್ನು ಮಾತಾಡಿಸಲು ಹೋದಾಗ ದೊಡ್ಡ ಕ್ಯಾಮೆರಾ ತೆಗೆದರೆ ಅವರ ಮಾತೇ ಬದಲಾಗುತ್ತದೆ. ಚಿಕ್ಕ ಬಾಡಿಯ ದೊಡ್ಡ ಲಾಭ ಇದು, ಯಾವ ಸ್ಪೆಕ್ ಶೀಟಿನಲ್ಲೂ ಇಲ್ಲದ ಲಾಭ. ಕೈಯಲ್ಲಿ ಹಿಡಿದೇ ತೆಗೆಯಬೇಕಾದ್ದರಿಂದ ಬಾಡಿಯೊಳಗಿನ ಸ್ಟೆಬಿಲೈಸೇಷನ್ ಇಲ್ಲಿ ಮೊದಲ ಷರತ್ತು. ಆದ್ದರಿಂದ ಕ್ಯಾನನ್ ಆರ್8, ಸೋನಿ ಜೆಡ್‌ವಿ-ಇ10 2 ಬೇಡ, ಅವುಗಳಲ್ಲಿ ಅದು ಇಲ್ಲ. ಅಡುಗೆಮನೆಯ ಮಬ್ಬಿನಲ್ಲಿ ಎ7ಎಸ್ 3 ಅಥವಾ ಎಫ್‌ಎಕ್ಸ್3ಕ್ಕೆ ಸಾಟಿ ಇಲ್ಲ. ಅಷ್ಟು ದುಡ್ಡು ಇಲ್ಲದಿದ್ದರೆ ಎಸ್5 2. ಅದರ ಸ್ಟೆಬಿಲೈಸೇಷನ್ ಈ ಪಟ್ಟಿಯಲ್ಲೇ ಉತ್ತಮ, ನಿಂತಲ್ಲೇ ಹಿಡಿದ ಶಾಟ್ ಟ್ರೈಪಾಡ್‌ನದ್ದೇ ಎನ್ನಿಸುತ್ತದೆ.

ಲೆನ್ಸ್ ಮತ್ತು ಬಾಡಿಯ ಹೊರಗಿನ ಖರ್ಚು

ಬಾಡಿ ಐದು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಆಗುವುದಿಲ್ಲ. ಸೋನಿ ಇ ಮೌಂಟ್‌ಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ಸಿಗ್ಮಾ, ಟ್ಯಾಮ್‌ರಾನ್, ವಿಲ್‌ಟ್ರಾಕ್ಸ್ ಎಲ್ಲರ ಲೆನ್ಸೂ ಸಿಗುತ್ತದೆ, ಸೆಕೆಂಡ್‌ಹ್ಯಾಂಡ್ ಕೂಡ ಧಾರಾಳ. ಪ್ಯಾನಸೋನಿಕ್‌ನ ಎಲ್ ಮೌಂಟ್‌ಗೆ ಸಿಗ್ಮಾ ಬಲ ಇದೆ. ಕ್ಯಾನನ್ ಆರ್‌ಎಫ್ ಮೌಂಟ್‌ನಲ್ಲಿ ಬೇರೆ ಕಂಪನಿಗಳ ಆಟೊಫೋಕಸ್ ಲೆನ್ಸ್‌ಗಳಿಗೆ 2024ರಲ್ಲಿ ಬಾಗಿಲು ತೆರೆದದ್ದು ಎಪಿಎಸ್-ಸಿಗೆ. ಫುಲ್‌ಫ್ರೇಮ್‌ಗೆ ಬಹುಪಾಲು ಕ್ಯಾನನ್‌ನದ್ದೇ ಕೊಳ್ಳಬೇಕು, ಅದು ದುಬಾರಿ. ಆದರೆ ಮನೆಯಲ್ಲಿ ಈಗಾಗಲೇ ಇಎಫ್ ಲೆನ್ಸ್‌ಗಳಿದ್ದರೆ ಲೆಕ್ಕ ತಿರುಗಿಬಿಡುತ್ತದೆ: ಕ್ಯಾನನ್‌ನ ಒಂದು ಅಡಾಪ್ಟರ್‌ನಲ್ಲಿ ವೇರಿಯಬಲ್ ಎನ್‌ಡಿ ಫಿಲ್ಟರ್ ಒಳಗೇ ಕೂರುತ್ತದೆ. ಎಲ್ಲ ಲೆನ್ಸಿಗೂ ಅದೊಂದೇ ಫಿಲ್ಟರ್ ಸಾಕು.

ಎನ್‌ಡಿ ಯಾಕಿಷ್ಟು ಮುಖ್ಯ ಎಂದರೆ, ವಿಡಿಯೊದಲ್ಲಿ ಶಟರ್ 1/50ಕ್ಕೆ ಕಟ್ಟಿಹಾಕಿರುತ್ತೇವೆ. ಫೋಟೊದವರಂತೆ 1/4000 ಇಡಲಾಗದು, ಚಲನೆ ತುಂಡುತುಂಡಾಗಿ ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100, ಎಫ್ 16, 1/100 ಸರಿಯಾದ ಎಕ್ಸ್‌ಪೋಷರ್. ಲಾಗ್‌ನಲ್ಲಿ ಐಎಸ್‌ಒ 800, 1/50, ಎಫ್ 2.8 ಇಟ್ಟರೆ ಚಿತ್ರ ಅದಕ್ಕಿಂತ ಒಂಬತ್ತು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು) ಹೆಚ್ಚು ಬೆಳ್ಳಗಾಗುತ್ತದೆ, ಅಂದರೆ ಐನೂರು ಪಟ್ಟು. ಎರಡರಿಂದ ಐದು ಸ್ಟಾಪಿನ ಅಗ್ಗದ ವೇರಿಯಬಲ್ ಎನ್‌ಡಿ ಇಲ್ಲಿ ಏನೂ ಮಾಡದು. ಆರರಿಂದ ಒಂಬತ್ತು ಸ್ಟಾಪಿನದ್ದೂ ಬೇಕು. ನಿಮ್ಮಲ್ಲಿರುವ ಅತಿ ಅಗಲದ ಲೆನ್ಸಿನ ಅಳತೆಗೆ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ.

ಕಾರ್ಡು, ಹಾರ್ಡ್‌ಡಿಸ್ಕ್ ಲೆಕ್ಕವನ್ನು ಯಾರೂ ಮೊದಲು ಹಾಕುವುದಿಲ್ಲ. ಸೆಕೆಂಡಿಗೆ 140 ಮೆಗಾಬಿಟ್‌ನ 4ಕೆ ಎಂದರೆ ಗಂಟೆಗೆ 63 ಜಿಬಿ. ಎರಡು ಕ್ಯಾಮೆರಾ ಆರು ಗಂಟೆ ಓಡಿದರೆ 750 ಜಿಬಿ ದಾಟುತ್ತದೆ, ಅದರ ಇನ್ನೊಂದು ಪ್ರತಿಯೂ ಬೇಕು. ಸೀಸನ್‌ನಲ್ಲಿ ವಾರಕ್ಕೆ ಎರಡು ಮದುವೆ ಇದ್ದರೆ ಡಿಸ್ಕಿನ ಖರ್ಚು ವರ್ಷಕ್ಕೆ ಒಂದು ಒಳ್ಳೆಯ ಲೆನ್ಸಿನ ಬೆಲೆ ಮುಟ್ಟುತ್ತದೆ. ಎಲ್ಲವನ್ನೂ ಆಲ್-ಇಂಟ್ರಾದಲ್ಲಿ (ಪ್ರತಿ ಫ್ರೇಮನ್ನೂ ಬೇರೆಯಾಗಿ ಬರೆಯುವ, ಫೈಲ್ ದೊಡ್ಡದಾಗುವ ವಿಧಾನ) ತೆಗೆಯಬೇಕಿಲ್ಲ. ಟ್ರೆಡಿಷನಲ್ ಕ್ಯಾಮೆರಾಗೆ ಕಡಿಮೆ ದರದ ಕೋಡೆಕ್ ಸಾಕು.

ಆದ್ದರಿಂದ ಒಟ್ಟು ಬಜೆಟ್‌ನ ಅರ್ಧಕ್ಕಿಂತ ಹೆಚ್ಚನ್ನು ಬಾಡಿಯ ಮೇಲೆ ಹಾಕಬೇಡಿ ಎಂದೇ ಕೇಳಿದವರಿಗೆಲ್ಲ ಹೇಳುತ್ತೇನೆ. ಮೂರು ಲಕ್ಷ ಇದ್ದರೆ ಮೂರು ಲಕ್ಷದ ಬಾಡಿ, ಕಿಟ್ ಲೆನ್ಸ್, ಕ್ಯಾಮೆರಾದ ಮೇಲಿನ ಮೈಕ್ ಎನ್ನುವ ಜೋಡಣೆ ಒಂದೂವರೆ ಲಕ್ಷದ ಬಾಡಿಯೂ ಎಫ್ 2.8 ಝೂಮೂ ಎನ್‌ಡಿಯೂ ಒಳ್ಳೆಯ ವೈರ್‌ಲೆಸ್ ಮೈಕೂ ಇರುವ ಜೋಡಣೆಯ ಮುಂದೆ ನಿಲ್ಲುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಬಾಡಿ ನೋಡುವಾಗ

ವಿಡಿಯೊಗೆ ಬಳಸಿದ ಬಾಡಿಯಲ್ಲಿ ಶಟರ್ ಕೌಂಟ್ ಏನನ್ನೂ ಹೇಳುವುದಿಲ್ಲ. ಎರಡು ಸಾವಿರ ಫೋಟೊ, ಎರಡು ಸಾವಿರ ಗಂಟೆ ವಿಡಿಯೊ ಓಡಿರಬಹುದು. ಮೊದಲು ಎಚ್‌ಡಿಎಂಐ ಕಿಂಡಿ ನೋಡಿ. ಆರ್6 ಮಾರ್ಕ್ 2, ಎ6700ರಲ್ಲಿರುವುದು ಮೈಕ್ರೊ ಎಚ್‌ಡಿಎಂಐ, ಗಿಂಬಲ್ ಮೇಲೆ ಮಾನಿಟರ್ ಹಾಕಿ ಓಡಾಡಿದವರ ಕೈಯಲ್ಲಿ ಅದು ಸಡಿಲವಾಗಿರುತ್ತದೆ. ಕೇಬಲ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಚಿತ್ರ ಹೋಗಬಾರದು. ಎ7ಎಸ್ 3, ಎ7 4, ಎಸ್5 2, ಜೆಡ್6 3ರಲ್ಲಿ ಪೂರ್ಣ ಗಾತ್ರದ ಕಿಂಡಿ ಇದೆ, ಅಲ್ಲಿ ಈ ಭಯ ಕಡಿಮೆ. ಲೆನ್ಸಿಗೆ ಮುಚ್ಚಳ ಹಾಕಿ ಐಎಸ್‌ಒ ಏರಿಸಿ ಒಂದು ನಿಮಿಷ ರೆಕಾರ್ಡ್ ಮಾಡಿದರೆ ಕೆಟ್ಟ (ಹಾಟ್) ಪಿಕ್ಸೆಲ್‌ಗಳು ಬೆಳಕಿನ ಚುಕ್ಕಿಯಾಗಿ ಕಾಣುತ್ತವೆ. ಸಾದಾ ಬಿಳಿ ಗೋಡೆಗೆ ಎಫ್ 16ರಲ್ಲಿ ಹಿಡಿದರೆ ಸೆನ್ಸರ್ ಮೇಲೆ ಲೇಸರ್ ಲೈಟ್ ಸುಟ್ಟ ಗೆರೆ ಇದ್ದರೆ ಗೊತ್ತಾಗುತ್ತದೆ. ಆರ್ಕೆಸ್ಟ್ರಾ, ಡಿಜೆ ಕಾರ್ಯಕ್ರಮಗಳಿಗೆ ಹೋಗಿಬಂದ ಬಾಡಿಗಳಲ್ಲಿ ಇದು ಅಪರೂಪವಲ್ಲ.

ಕೊನೆಗೆ, ಹೊಸದಿರಲಿ ಹಳೆಯದಿರಲಿ, ಕೊಳ್ಳುವ ಮುನ್ನ ಅದೇ ಮಾಡೆಲ್ಲನ್ನು ಒಂದು ದಿನ ಬಾಡಿಗೆಗೆ ತನ್ನಿ. ನಿಮ್ಮ ಕೆಲಸದ ಅತಿ ಕಷ್ಟದ ಗಂಟೆಯನ್ನೇ ಅದಕ್ಕೆ ಕೊಡಿ: ಮದುವೆಯವರಾದರೆ ಛತ್ರದ ಲೈಟಿನಲ್ಲಿ 4ಕೆ 50 ಫ್ರೇಮ್ ಎರಡು ಗಂಟೆ, ಸಾಕ್ಷ್ಯಚಿತ್ರದವರಾದರೆ ಸಂಜೆ ಏಳರ ಬೀದಿ, ಕಿರುಚಿತ್ರದವರಾದರೆ ಕಿಟಕಿಯ ಮುಂದೆ ಕೂತ ಮುಖ. ಆ ಫೈಲುಗಳನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.